ಮೂರು ಗೆರೆಯ ಮೋಟಾರು

ಮಧುಗಿರಿ
ಧಾತು ಸಂವತ್ಸರ, ಕಾರ್ತಿಕದ ಎರಡನೆಯ ಸೋಮವಾರ
೨೩-೧೧-೧೯೩೬

ಚಿ. ಸೌ. ತಂಗಿ ಚನ್ನಮಲ್ಲಮ್ಮನಿಗೆ ಅಕ್ಕ ಜಗದಾಂಬ ಮಾಡುವ ಆಶೀರ್ವಾದ.

ನಾವಿಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ನಿನ್ನ ಕಾಗದ ಓದಿದ ಮೇಲೆ ಆ ಸಾಲು ಬರೆದರೆ ಸುಳ್ಳಾಗುತ್ತದೆ. ನಮ್ಮಿಬ್ಬರ ನಡುವೆ ಇನ್ನು ಸುಳ್ಳು ಬೇಡವೆಂದು ಬಿಟ್ಟಿದ್ದೇನೆ.

ನಿನ್ನ ಕಾಗದ ಗುರುವಾರ ಬಂತು. ಮೂರು ಕಡೆ ಕಣ್ಣೀರು ಬಿದ್ದು ಶಾಯಿ ಹರಡಿದೆ. ಆದರೂ ಬಿಡದೆ ಓದಿದೆ, ಎರಡು ಸಲ ಓದಿದೆ. ಗಂಡ ನಿನ್ನನ್ನು ಕೊಳಾಲಕ್ಕೆ, ಅಮ್ಮನ ಮನೆಗೆ ಕಳುಹಿಸಿ ನಲವತ್ತು ದಿನವಾಯಿತು, ಒಂದು ಕಾಗದ ಹಾಕಿಲ್ಲ. ಮಗು ದಿನಾ ‘ಅಪ್ಪಾಜಿ ಯಾವಾಗ ಬತ್ತಾರೆ’ ಎಂದು ಕೇಳುತ್ತಿದೆ. ಅಮ್ಮ ಹೊತ್ತಿಗೊಂದು ಸಲ ‘ಏನ್ ಮಾಡ್ಕೊಂಡ್ ಬಂದೆ, ಬಾಯ್ಬುಟ್ಟು ಹೇಳು’ ಎಂದು ಪೀಡಿಸುತ್ತಾಳೆ. ಎಲ್ಲ ತಿಳಿಯಿತು. ಕೊನೆಯಲ್ಲಿ ನೀನು ಬರೆದಿರುವುದು ಇದು: ‘ಅಕ್ಕಾ, ಗಾಡಿಗೆ ಬಣ್ಣ ಹೊಡೆಸು ಅಂತ ನಾನೇ ಹೇಳಿದ್ದು ಎಂದು ಒಂದೇ ಒಂದು ಸಾಲು ಬರೆದುಕೊಡು. ಅದನ್ನು ತೋರಿಸಿ ನನ್ನ ಮನೆಗೆ ನಾನು ಹೋಗುತ್ತೇನೆ.’

ಒಂದು ಸಾಲೇಕೆ? ಪೂರ್ತಿ ಕಾಗದವನ್ನೇ ಬರೆಯುತ್ತೇನೆ. ನಡೆದದ್ದರಲ್ಲಿ ನಿನಗೆ ಗೊತ್ತಿರುವುದು ಅರ್ಧ ಮಾತ್ರ.

ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ, ಬೇಸರಿಸಬೇಡ. ಈ ಕಾಗದವನ್ನು ನಿನ್ನ ಗಂಡ ಪರ್ವತಯ್ಯನವರೂ ಓದಬೇಕಲ್ಲ. ಬೆಂಗಳೂರಿನ ಮೋಟಾರು ಕಂಪನಿಗೆ ನಮ್ಮ ನಾಲ್ಕು ತಾಲ್ಲೂಕಿಗೂ ನಮ್ಮ ಯಜಮಾನರು, ನಿಮ್ಮ ಭಾವನೇ ಏಜೆಂಟರು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕಂಪನಿ ಈ ವರ್ಷ ಮಳಿಗೆ ಹಾಕುತ್ತದೆ, ಅಲ್ಲಿ ಮೂರು ಗಾಡಿ ನಿಲ್ಲಿಸುತ್ತದೆ ಎಂದು ಜ್ಯೇಷ್ಠ ಮಾಸದಲ್ಲೇ ಸುದ್ದಿ ಬಂತು. ಒಂದು ಹೊಚ್ಚ ಹೊಸದು. ಇನ್ನೊಂದು ಹೊಟ್ಟೆ ಸೀಳಿದ್ದು; ಎಂಜಿನ್ನನ್ನು ಅರ್ಧಕ್ಕೆ ಕೊಯ್ದು ಒಳಗಿನದನ್ನೆಲ್ಲ ಜನಕ್ಕೆ ತೋರಿಸುವುದು. ಮೂರನೆಯದು ನಮ್ಮ ಸೀಮೆಯ ರಸ್ತೆಯಲ್ಲಿ ಹತ್ತು ವರ್ಷಕ್ಕೂ ಮೇಲೆ ದುಡಿದ ಹಳೆಯ ಗಾಡಿ. ಅದನ್ನು ಕೊಟ್ಟವನಿಗೆ ಬದಲಿಗೆ ಒಂದು ಹೊಸ ಬಸ್ಸು. ದಸರಾ ಮುಗಿದ ಮೇಲೆ ಪಾವಗಡದ ರಸ್ತೆಯಲ್ಲಿ ಬಸ್ಸು ಓಡುತ್ತದೆ, ಆಮೇಲೆ ನಿಮ್ಮದರಂಥ ಬಾಡಿಗೆ ಮೋಟಾರನ್ನು ಯಾರೂ ಹತ್ತುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆ ಬಸ್ಸು ನಿಮ್ಮದಾಗಬೇಕಿತ್ತು, ಇಲ್ಲವೇ ಇನ್ನೊಬ್ಬರದಾಗಬೇಕಿತ್ತು.

ಏಳು ಗಾಡಿ ನಮ್ಮ ಅಂಗಡಿಯ ಮುಂದೆ ಸಾಲಾಗಿ ನಿಂತವು. ಕಂಪನಿಯ ಗುಮಾಸ್ತ ಒಂದೊಂದರದೂ ಫೋಟೋ ತೆಗೆಯುತ್ತ ಬಂದವನು ನಿಮ್ಮದರ ಬಾನೆಟ್ಟು ನೋಡಿ ನಿಂತುಬಿಟ್ಟ. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ಪರ್ವತಯ್ಯನವರು ಲಿಂಗಪೂಜೆ ಮುಗಿಸಿ, ಉಳಿದ ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಅದೇ ಜಾಗಕ್ಕೆ ಎಳೆದು ಎಳೆದು, ಕರಿಯ ಬಣ್ಣ ಸವೆದುಹೋಗಿ ತಗಡಿನ ಮೇಲೆ ಮೂರು ಬಿಳಿಯ ಗೆರೆ ನಿಂತಿದ್ದವು. ಒರೆಸಿದರೆ ಹೋಗುವಂಥದ್ದಲ್ಲ. ಮಿಡಿಗೇಶಿಯ ಜನ ದೂರದಿಂದಲೇ ‘ಮೂರ್ಗೆರೆ ಮೋಟ್ರು ಬಂತು ಕಣ್ಲಾ’ ಎಂದು ಗಂಟು ಎತ್ತಿಕೊಳ್ಳುತ್ತಿದ್ದರಂತೆ. ಗುಮಾಸ್ತ ಆ ಗೆರೆಗಳದ್ದೇ ಬೇರೆ ಫೋಟೋ ತೆಗೆದುಕೊಂಡು ಹೋದ.

ದಸರಾಕ್ಕೆ ಮೂರು ವಾರ ಇರುವಾಗ ಗಾಡಿ ಆರಿಸಲು ಕಂಪನಿಯ ಇಂಗ್ಲಿಷ್ ದೊರೆ ಬಂದ. ನೀನು ಅವತ್ತು ಪಾವಗಡದಲ್ಲಿದ್ದೆ. ನಾನು ಕಿಟಕಿಯ ಹಿಂದೆ ನಿಂತು ಎಲ್ಲ ನೋಡಿದೆ.

ಗಾಡಿ ಆರಿಸುವುದೆಂದರೆ ಓಡಿಸಿ ನೋಡುತ್ತಾರೆ ಎಂದುಕೊಂಡಿದ್ದೆ. ಎಲ್ಲಿ ಬಂತು! ಒಂದನ್ನೂ ಶುರು ಮಾಡಿಸಲಿಲ್ಲ. ಮಳಿಗೆಯಲ್ಲಿ ಅದು ನಿಂತಿರಬೇಕು ಅಷ್ಟೆ, ಓಡುವ ಕೆಲಸ ಹೊಸ ಗಾಡಿಯದು ಎಂದನಂತೆ. ಬ್ರೇಕಿನ ಪೆಡಲು ಎಷ್ಟು ಸವೆದಿದೆ ಎಂದು ಬಗ್ಗಿ ನೋಡಿದ. ಸ್ಟೀರಿಂಗಿನಲ್ಲಿ ಕೈ ಹಿಡಿಯುವ ಜಾಗವನ್ನು ಸವರಿದ. ಸೀಟಿನ ಚರ್ಮ ಕೂತು ಕೂತು ಬಿರಿದಿದೆಯೇ ಎಂದು ಒತ್ತಿದ. ಬಾಗಿಲಿನ ಸಂದಿಗೆ ಉಗುರು ಹಾಕಿ, ಬಣ್ಣ ಕಂಪನಿಯದೋ ಊರಿನದೋ ಎಂದು ಕೆರೆದ. ಜನ ಬರುವ ಕಡೆಯ ಮಗ್ಗುಲು ಚೆನ್ನಾಗಿ ಸವೆದಿರಬೇಕಂತೆ, ಗೋಡೆಯ ಕಡೆಯದು ಹೇಗಿದ್ದರೂ ನಡೆಯುತ್ತದಂತೆ. ಇಷ್ಟು ಹಳೆಯದು ಇನ್ನೂ ಉಳಿದಿದೆಯಲ್ಲ ಎಂದು ನಂಬಿಕೆ ಬಂದರೆ ಜನ ಪಕ್ಕದಲ್ಲಿರುವ ಹೊಸದನ್ನು ಕೊಳ್ಳುತ್ತಾರೆ. ಸವೆದದ್ದಕ್ಕೂ ಇಷ್ಟು ಮರ್ಯಾದೆ ಇದೆಯೇ ಎಂದು ನನಗೆ ನಗು ಬಂತು.

ನಾಲ್ಕನೆಯದಾಗಿ ನಿಮ್ಮ ಗಾಡಿ ನಿಂತಿತ್ತು. ಶಿವ ಶಿವಾ, ಅದೇನು ಹಸಿರು! ಬಂಡಿಯ ಚಕ್ರಕ್ಕೂ ಮನೆಯ ಬಾಗಿಲಿಗೂ ಹೊಡೆಯುವ ಅಡವಯ್ಯನ ಕೈಯಲ್ಲಿ ಮೋಟಾರಿಗೆ ಬಣ್ಣ ಹೊಡೆಸಿದರೆ ಇನ್ನು ಹೇಗಿರುತ್ತದೆ? ಪೂರ್ತಿ ಒಣಗಿರಲೂ ಇಲ್ಲ. ಮಿಡಿಗೇಶಿ ರಸ್ತೆಯ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡಿತ್ತು. ಒಂದು ನೊಣ ಬಾಗಿಲಿಗೆ ಅಂಟಿ ಕಾಲು ಆಡಿಸುತ್ತಿತ್ತು. ಅಡವಯ್ಯ ಆಮೇಲೆ ಬಣ್ಣ ಕೊಳ್ಳಲು ಮಧುಗಿರಿಗೆ ಬಂದಾಗ ನನ್ನ ಮುಂದೆ ಗೋಳಾಡಿದ: ‘ವದ್ದಮ್ಮಾ, ಅಯ್ಯಗಾರು ವಚ್ಚಾಕ ಚೇದ್ದಾಂ ಅಂದೆ. ಅಮ್ಮಾರು ಕೇಳ್ನಿಲ್ಲ.’ ಯಜಮಾನರು ಬಂದ ಮೇಲೆ ಮಾಡೋಣವೆಂದು ಅವನೂ ಹೇಳಿದ್ದನಂತೆ. ನೀನು ಕೇಳಲಿಲ್ಲ. ಅಕ್ಕನ ಮಾತಿನ ಮೇಲೆ ಅಷ್ಟು ನಂಬಿಕೆ ನಿನಗೆ.

ದೊರೆ ಜೇಬಿನಿಂದ ಫೋಟೋ ತೆಗೆದು ಆ ಮೂರು ಗೆರೆಯ ಗಾಡಿ ಎಲ್ಲಿ ಎಂದು ಕೇಳಿದ. ಪರ್ವತಯ್ಯನವರು ‘ಇದೇಯ ಸ್ವಾಮಿ’ ಎಂದರು. ಅವನು ಫೋಟೋ ನೋಡಿದ, ಗಾಡಿ ನೋಡಿದ. ಬಾನೆಟ್ಟಿಗೆ ಉಗುರು ಹಾಕಿದ, ಬೆರಳೆಲ್ಲ ಹಸಿರಾಯಿತು. ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ, ಇಷ್ಟು ಅವಸರದಲ್ಲಿ ಬಳಿದಿದ್ದಾರೆಂದರೆ ಎಲ್ಲೋ ಯಾರಿಗೋ ಗುದ್ದಿ ಅದನ್ನು ಮುಚ್ಚಿದ್ದಾರೆ ಎಂದ. ನಿಮ್ಮ ಭಾವ ಅದನ್ನು ಕನ್ನಡದಲ್ಲಿ ಹೇಳುವಾಗ ತಲೆ ತಗ್ಗಿಸಿದ್ದರು. ಪರ್ವತಯ್ಯನವರು ‘ನಾನ್ ಎಲ್ಲೂ ಗುದ್ದಿಲ್ಲ ಬುದ್ಧಿ, ಅನ್ನೊಂದ್ ವರ್ಸದಾಗೆ ಒಂದ್ ಕೋಳೀನೂ ಸಾಯ್ಸಿಲ್ಲ’ ಎಂದು ಹೇಳುತ್ತಲೇ ಇದ್ದರು. ದೊರೆ ಆಗಲೇ ಐದನೆಯ ಗಾಡಿಯ ಹತ್ತಿರ ಹೋಗಿದ್ದ.

ಆರಿಸಿದ್ದು ತಾವರೆಕೆರೆಯ ದೊಡ್ಡರಂಗಪ್ಪನ ಗಾಡಿಯನ್ನು. ಆ ಸೋಮಾರಿ ಆರು ತಿಂಗಳಿಂದ ಅದನ್ನು ತೊಳೆದಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ದೊರೆ ಅದನ್ನು ಕಂಡು ಕೈ ತಟ್ಟಿ ನಕ್ಕ. ದಸರಾದಲ್ಲಿ ಕೋಳಿಯ ಹಿಕ್ಕೆಯ ಸಮೇತ ನಿಲ್ಲಿಸಿದ್ದರಂತೆ, ಜನ ಮುಗಿಬಿದ್ದು ನೋಡಿದರಂತೆ. ಹೊಸ ಬಸ್ಸು ಈಗ ದೊಡ್ಡರಂಗಪ್ಪನ ಮನೆಯ ಮುಂದಿದೆ. ಅದನ್ನು ಓಡಿಸುವವರು ಯಾರು ಗೊತ್ತೇ? ನಿನ್ನ ಗಂಡ. ಹದಿನೈದು ದಿನದಿಂದ, ಸಂಬಳಕ್ಕೆ. ಇದನ್ನು ನಿನಗೆ ಕೊಳಾಲದಲ್ಲಿ ಯಾರೂ ಹೇಳಿರಲಾರರು, ಅದಕ್ಕೆ ನಾನೇ ಹೇಳುತ್ತಿದ್ದೇನೆ.

ನಿನ್ನನ್ನು ತವರಿಗೆ ಕಳುಹಿಸುವ ಮುಂಚೆ ಅವರು ನನ್ನ ಹತ್ತಿರ ಬಂದಿದ್ದರು. ಜಗುಲಿಯ ಮೇಲೆ ಕೂತರು, ನೀರು ಕೊಟ್ಟರೂ ಕುಡಿಯಲಿಲ್ಲ. ‘ಅಕ್ಕಾವ್ರೇ, ಬಣ್ಣ ಬಳ್ದಿದ್ಕೆ ನಂಗೆ ಸಿಟ್ಟಿಲ್ಲ. ತಿಳೀದೆ ಮಾಡವ್ಳೆ, ಹೋಗ್ಲಿ. ಆದ್ರೆ ನೀವು ಹೇಳ್ಕೊಟ್ರಿ ಅಂತಾಳೆ. ಬಣ್ಣ ಮುಟ್ಟಿಸ್ಬ್ಯಾಡ ಅಂತ ನೀವೇ ಅವಳ್ಗೆ ಹೇಳಿದ್ರಂತೆ, ಏಜೆಂಟ್ರು ಅಂದ್ರು. ಯಾವ್ದು ನಿಜ?’ ಎಂದು ಕೇಳಿದರು.

ಆ ಸುಳ್ಳನ್ನು ನಾನು ನಿಮ್ಮ ಭಾವನಿಗೆ ಮೊದಲೇ ಹೇಳಿಟ್ಟಿದ್ದೆ. ಆದ್ದರಿಂದ ಇವರಿಗೆ ಹೇಳುವ ಅಗತ್ಯ ಬೀಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಕಣ್ಣಲ್ಲಿ ಏನೂ ಇರಲಿಲ್ಲ. ಚಿಕ್ಕವಳು, ಹೆದರಿಕೊಂಡು ಏನೋ ಅಂದಿದ್ದಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವರು ಎದ್ದು ನಿಂತು, ‘ಬಡತನ ಇರ್ಲಿ, ಸುಳ್ಳು ಮಾತ್ರ ನನ್ ಮನೇಲಿ ಇರ್ಬಾರ್ದು’ ಎಂದು ಹೇಳಿ ಮೆಟ್ಟು ಮೆಟ್ಟಿಕೊಂಡರು. ಲಿಂಗ ಹಿಡಿದು ಹೇಳಿ ಎಂದು ಕೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಕೇಳಲಿಲ್ಲ.

ಈಗ ಹೊಸ ಹಾಳೆ ತೆಗೆದುಕೊಂಡಿದ್ದೇನೆ. ಇದು ಮೂರನೆಯದು. ನೀನು ಬೇಡಿದ್ದು ಇದರಲ್ಲಿದೆ. ಅಳು ನಿಲ್ಲಿಸಿ ಓದು.

ಗಾಡಿಗೆ ಬಣ್ಣ ಹೊಡೆಸು ಎಂದು ನನ್ನ ತಂಗಿ ಚನ್ನಮಲ್ಲಮ್ಮನಿಗೆ ಹೇಳಿದವಳು ನಾನು. ಗಣೇಶನ ಹಬ್ಬದ ಮಾರನೆಯ ದಿನ, ನಮ್ಮ ಅಡುಗೆಮನೆಯಲ್ಲಿ, ಅವಳು ಕಡುಬಿನ ಪಾತ್ರೆ ತೊಳೆಯುತ್ತಿದ್ದಾಗ ಹೇಳಿದೆ. ಅದಕ್ಕೆ ನಾಲ್ಕು ದಿನ ಮುಂಚೆ ಕಂಪನಿಯ ಇಂಗ್ಲಿಷ್ ಕಾಗದ ಬಂದಿತ್ತು. ನಮ್ಮ ಯಜಮಾನರು ಅದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ್ದರು. ಮೂರು ಗೆರೆಯ ಪಾವಗಡದ ಗಾಡಿಯೇ ಬಹುಮಟ್ಟಿಗೆ ಗಟ್ಟಿ, ದೊರೆ ಬಂದು ಕಣ್ಣಾರೆ ನೋಡುವುದೊಂದೇ ಬಾಕಿ, ಅಲ್ಲಿಯವರೆಗೆ ಅದಕ್ಕೆ ಬಣ್ಣ ಮುಟ್ಟಿಸಕೂಡದು, ತೊಳೆಯಲೂ ಕೂಡದು ಎಂದು ಅದರಲ್ಲಿತ್ತು. ತಂಗಿ ಹಬ್ಬಕ್ಕೆ ಬರುತ್ತಾಳಲ್ಲ, ನೀನೇ ಹೇಳಿಬಿಡು ಎಂದು ನನಗೆ ಒಪ್ಪಿಸಿ ಅವರು ತುಮಕೂರಿಗೆ ಹೋದರು. ನಾನು ಅವಳಿಗೆ ಹೇಳಿದ್ದು ಇದು: ದೊರೆಗೆ ಹಳೆಯದನ್ನು ಕಂಡರೆ ಅಸಹ್ಯ, ವಿಭೂತಿಯ ಗೆರೆ ಕಂಡರೆ ಹಳ್ಳಿಯವರೆಂದು ನಗುತ್ತಾನೆ, ಗಾಡಿ ಫಳಫಳ ಹೊಳೆಯಬೇಕು. ಪರ್ವತಯ್ಯನವರು ಆಕ್ಸಲ್ ತರಲು ಬೆಂಗಳೂರಿಗೆ ಹೋಗುವ ನಾಲ್ಕು ದಿನದಲ್ಲಿ ಮಾಡಿಸಿಬಿಡು, ಬಂದು ನೋಡಿ ಸಂತೋಷಪಡಲಿ. ಅವಳು ‘ಗೆರೆ ಹೋದ್ರೆ ಬೈತಾರೆ ಅಕ್ಕಾ’ ಎಂದಳು. ಒಣಗಿದ ಮೇಲೆ ಮತ್ತೆ ಹಚ್ಚಿಕೊಳ್ಳುತ್ತಾರೆ ಬಿಡು ಎಂದು ನಾನೇ ಒಪ್ಪಿಸಿದೆ. ತಂಗಿ ಈ ವಿಷಯದಲ್ಲಿ ಸುಳ್ಳು ಹೇಳಿಲ್ಲ. ಇದು ನನ್ನ ಕೈಬರಹ. ಜಗದಾಂಬ.

ಸಾಕೇ? ಒಂದು ಸಾಲು ಕೇಳಿದ್ದೆ, ಪುಟ ತುಂಬಿಸಿ ಕೊಟ್ಟಿದ್ದೇನೆ. ಈಗ ಹಾಳೆ ಮಗುಚು.

ಕಳೆದ ಶಿವರಾತ್ರಿಯ ಮುಂದೆ ಪರ್ವತಯ್ಯನವರ ಸೋದರತ್ತೆ ಶಿವರುದ್ರಮ್ಮ ಕಣ್ಣು ತೋರಿಸಿಕೊಳ್ಳಲು ಮಧುಗಿರಿಗೆ ಬಂದು ನಮ್ಮಲ್ಲಿ ಮೂರು ದಿನ ಇದ್ದರು. ನಾನು ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದೆ. ಮುದುಕಿ ತಡವಿಕೊಂಡು ಬಂದು ನನ್ನ ತೋಳು ಹಿಡಿದು, ‘ಬೆಂಕಿ ತಾವ ಒಬ್ಳೇ ಕೂತ್ಕೋಬ್ಯಾಡ ಕಣಮ್ಮ. ಈಗ ಹೆಂಗದೆ ನಿನ್ ಮೂರ್ಛೆ?’ ಎಂದರು.

ಯಾವ ಮೂರ್ಛೆ ಎಂದು ಕೇಳಿದೆ.

‘ನನ್ತಾವ ಯಾಕ್ ಮುಚ್ಚಿಡ್ತೀಯ? ನಿನ್ನ ನೋಡಕ್ ಬಂದಾಗ ನಿನ್ ತಂಗೀನೇ ಬಾವಿ ತಾವ ಹೇಳಿದ್ಲಲ್ಲ. ಅಕ್ಕಂಗೆ ಮೂರ್ಛೆ ಬತ್ತದೆ, ನಾನ್ ಹೇಳ್ದೆ ಅಂತ ಅನ್ಬ್ಯಾಡಿ ಅಂತ. ಹೆಣ್ಣಿನ ಸುದ್ದಿ ನೋಡು, ನಮ್ ಹುಡುಗಂಗೂ ಹೇಳ್ನಿಲ್ಲ. ಜಾತಕ ಕೂಡ್ಲಿಲ್ಲ ಅಂದ್ಬುಟ್ಟು ಕಿರಿಯೋಳ್ನ ತಂದ್ಕೊಂಡ್ವಿ.’

ನನಗೆ ಜನ್ಮದಲ್ಲಿ ಒಂದು ಸಲ ತಲೆ ಸುತ್ತಿದ್ದಿಲ್ಲ, ಚನ್ನಿ.

ಹದಿನಾಲ್ಕು ವರ್ಷದ ಹಿಂದಿನ ಆ ದಿನ ನಿನಗೂ ನೆನಪಿರಬೇಕು. ಕೊಳಾಲದ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ನನ್ನನ್ನು ಕೂಡಿಸಿದ್ದರು. ಅಮ್ಮ ಮುಖಕ್ಕೆ ಪೌಡರು ಮೆತ್ತಿ, ಬಾಗಿಲಿನ ಬೆಳಕು ಬೀಳುವ ಕಡೆಗೆ ನನ್ನ ಭುಜ ತಿರುಗಿಸಿದ್ದಳು. ಪರ್ವತಯ್ಯನವರು ಒಂದೇ ಸಲ ತಲೆ ಎತ್ತಿ ನೋಡಿದರು. ಅವರಿಗೆ ಒಪ್ಪಿಗೆ ಇತ್ತು, ಹೆಣ್ಣಿಗೆ ಅಷ್ಟು ತಿಳಿಯುವುದಿಲ್ಲವೇ? ನನಗೂ ಅವರು ಇಷ್ಟವಾಗಿದ್ದರು, ತುಂಬ ಇಷ್ಟವಾಗಿದ್ದರು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಬರೆಯುತ್ತಿದ್ದೇನೆ, ಅವರೂ ಓದಲಿ. ಆ ಹೊತ್ತಿನಲ್ಲಿ ನೀನು ಕೊಡ ಹಿಡಿದುಕೊಂಡು ಶಿವರುದ್ರಮ್ಮನಿಗೆ ಕಾಲಿಗೆ ನೀರು ಕೊಡಲು ಬಾವಿಯ ಹತ್ತಿರ ಹೋಗಿದ್ದೆ.

ಮೂರ್ಛೆಯ ಮಾತು ಅಲ್ಲಿಗೇ ನಿಲ್ಲಲಿಲ್ಲ, ಎಲ್ಲಿಂದಲೋ ಸೋರಿತು. ಆಮೇಲೆ ಮೂರು ಕಡೆಯವರು ಬಂದರು, ಉಪ್ಪಿಟ್ಟು ತಿಂದು ಹೋದರು, ಒಬ್ಬರೂ ಉತ್ತರ ಕಳುಹಿಸಲಿಲ್ಲ. ನನ್ನಲ್ಲಿ ಏನು ಕೊರತೆಯೆಂದು ತಿಳಿಯದೆ ನಾನು ಕನ್ನಡಿ ನೋಡುವುದನ್ನೇ ಬಿಟ್ಟಿದ್ದೆ. ಕೊನೆಗೆ ನಿಮ್ಮ ಭಾವನಿಗೆ ಎರಡನೆಯ ಹೆಂಡತಿಯಾಗಿ ಕೊಟ್ಟರು. ನನಗೆ ಇಪ್ಪತ್ತು, ಅವರಿಗೆ ನಲವತ್ತೆಂಟು. ಅವರ ಮಗಳು ಸರೋಜಮ್ಮ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಇವತ್ತಿಗೂ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ನಿಮ್ಮ ಭಾವ ಕೆಟ್ಟವರಲ್ಲ. ಆದರೆ ಈ ಮನೆಯಲ್ಲಿ ಒಂದು ಮಗುವಿನ ಸದ್ದಿಲ್ಲ, ಇನ್ನು ಬರುವುದೂ ಇಲ್ಲ. ನಿನ್ನ ಮದುವೆಯಲ್ಲಿ ನಿನಗೆ ಅರಿಸಿನ ಹಚ್ಚಿದವಳು ನಾನೇ. ನೀನು ನನ್ನ ಮುಖ ನೋಡಲಿಲ್ಲ. ನಾಚಿಕೆ ಎಂದುಕೊಂಡಿದ್ದೆ, ಎಂಥ ಪೆದ್ದಿ ನಾನು.

ಆಗ ನೀನು ಹದಿನಾಲ್ಕರ ಹುಡುಗಿ, ಹುಡುಗಾಟಿಕೆಯಲ್ಲಿ ಆಡಿದೆ ಎನ್ನುತ್ತೀಯೇನೋ. ಇರಲಿ. ಆಮೇಲೆ ಒಂದು ದಿನವಾದರೂ ಹೇಳಬಹುದಿತ್ತಲ್ಲ? ನೀನಾಗಿ ಬಾಯಿ ಬಿಡಲಿ ಎಂದು ಶಿವರಾತ್ರಿಯಿಂದ ಗಣೇಶನ ಹಬ್ಬದವರೆಗೆ ಕಾದೆ. ಕಂಪನಿಯ ಕಾಗದದಲ್ಲಿದ್ದ ಮಾತನ್ನು ನಿನಗೆ ಇದ್ದ ಹಾಗೆಯೇ ಹೇಳಬೇಕೆಂದಿದ್ದೆ, ಶಿವನಾಣೆ. ಪಾತ್ರೆ ತೊಳೆಯುತ್ತ ನೀನು ‘ಅಕ್ಕಾ, ನನ್ನಷ್ಟ್ ಪುಣ್ಯ ಮಾಡಿರೋರು ಯಾರವ್ರೆ ಹೇಳು’ ಎಂದೆ. ಆಮೇಲೆ ನನ್ನ ಬಾಯಿಂದ ಬಣ್ಣದ ಮಾತೇ ಬಂತು.

ಪಶ್ಚಾತ್ತಾಪವಾಗಿದೆಯೇ ಎಂದು ಕೇಳಬೇಡ. ಗಾಡಿಯ ಮುಂದೆ ಅವರು ಕೈಮುಗಿದುಕೊಂಡು ನಿಂತಾಗ ಒಂದು ಗಳಿಗೆ ನೋಡಲಾಗದೆ ಕಿಟಕಿಯಿಂದ ಮುಖ ತಿರುಗಿಸಿದೆ. ಅದು ಅವರಿಗಾಗಿ. ನಿನಗಾಗಿ ಏನೂ ಅನ್ನಿಸಲಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸು. ಮಗುವಿಗೆ ಮುತ್ತು. ಮೈಯಲ್ಲಿ ಹುಷಾರು.

ಇಂತು ನಿನ್ನ ಒಡಹುಟ್ಟಿದ
ಜಗದಾಂಬ

ತಾ.ಕ.: ಮೂರನೆಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡು. ಒಂದು ಮಗ್ಗುಲಿಗೆ ನನ್ನ ತಪ್ಪೊಪ್ಪಿಗೆ ಇದೆ. ಸರಿಯಾಗಿ ಅದರ ಬೆನ್ನಿಗೇ ಶಿವರುದ್ರಮ್ಮನ ಮಾತು ಬರುವಂತೆ ಬರೆದಿದ್ದೇನೆ. ಒಂದನ್ನು ಹರಿದರೆ ಇನ್ನೊಂದೂ ಹರಿಯುತ್ತದೆ. ನಕಲು ಮಾಡಿ ತೋರಿಸಿದರೆ ನಿನ್ನ ಅಕ್ಷರ ಅವರಿಗೆ ಗೊತ್ತು. ಹಿಂದುಗಡೆ ಕಾಗದ ಅಂಟಿಸಿದೆಯೋ, ದೊರೆಯ ಹಾಗೆ ಅವರೂ ಉಗುರು ಹಾಕಿ ಕೆರೆಯುತ್ತಾರೆ. ಇದನ್ನು ತೋರಿಸಿದರೆ ಬಣ್ಣದ ವಿಷಯದಲ್ಲಿ ನೀನು ಸತ್ಯವಂತೆಯೆಂದು ಅವರಿಗೆ ತಿಳಿಯುತ್ತದೆ, ಮದುವೆಯ ವಿಷಯದಲ್ಲಿ ಏನೆಂದೂ ತಿಳಿಯುತ್ತದೆ. ನನ್ನ ಮಾನವೂ ಹೋಗುತ್ತದೆ, ಹೋಗಲಿ.

ಬರುವ ಭಾನುವಾರ ಅವರು ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ. ಅಷ್ಟರೊಳಗೆ ನೀನು ಈ ಹಾಳೆಯನ್ನು ತೋರಿಸದಿದ್ದರೆ, ನೀನು ನನಗೆ ಬರೆದ ಕಾಗದವನ್ನು ನಾನು ಅವರ ಕೈಗೆ ಕೊಡುತ್ತೇನೆ. ‘ನಾನೇ ಹೇಳಿದ್ದು ಎಂದು ಒಂದೇ ಒಂದು ಸಾಲು ಬರೆದುಕೊಡು’ ಎಂದು ಅದರಲ್ಲಿ ನೀನೇ ಬೇಡಿಕೊಂಡಿದ್ದೀಯ. ಓದಿದವರಿಗೆ ಅದು ಸುಳ್ಳು ಸಾಕ್ಷಿ ಕೇಳಿದ ಹಾಗೆ ಕಾಣುತ್ತದೆ. ಅವರು ಏನೆಂದುಕೊಳ್ಳುತ್ತಾರೋ ಯೋಚನೆ ಮಾಡು.